ತಿಥಿ ನೋಡಿ ಹೊರಡು

ಮುಲುಂಡ್, ಮುಂಬಯಿ
ಮಾಘ ಬಹುಳ ಬಿದಿಗೆ, ಮಂಗಳವಾರ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ನಾವಿಬ್ಬರೂ ಕ್ಷೇಮ.

ಮೊನ್ನೆ ಭಾನುವಾರ ನೀನು ನೆರುಳ್‌ನಲ್ಲಿ ಹಾರ್ಬರ್ ಲೈನಿನ ಗಾಡಿ ಹಿಡಿದು ಶಿವಡಿಗೆ ಹೋಗಿ, ಹನ್ನೊಂದೂವರೆಯ ಬಿಸಿಲಿನಲ್ಲಿ ಜೆಟ್ಟಿಯ ಮೇಲೆ ನಿಂತು, ರಾಜಹಂಸದ, ಅದೇ ನಿಮ್ಮ ಫ್ಲೆಮಿಂಗೊದ, ಒಂದು ಗರಿಯನ್ನೂ ಕಾಣದೆ ಹಿಂತಿರುಗಿದೆಯೆಂದು ನಿನ್ನ ದೊಡ್ಡಮ್ಮ ಹೇಳಿದಳು. ‘ಬರೀ ನೀರು’ ಎಂದೆಯಂತೆ. ಅಂದು ಹುಣ್ಣಿಮೆ, ಮಗಳೇ. ಹುಣ್ಣಿಮೆ ಅಮಾವಾಸ್ಯೆಗಳಂದು ಮುಂಬಯಿಯಲ್ಲಿ ಸಮುದ್ರವು ನಡುಹಗಲಿನ ಹೊತ್ತಿಗೆ ತುಂಬಿ ನಿಲ್ಲುತ್ತದೆ. ಶಿವಡಿಯ ಕೆಸರುಬಯಲೆಲ್ಲ ಆಗ ನೀರಿನ ಅಡಿಯಲ್ಲಿರುತ್ತದೆ. ಮೇಯಲು ಕೆಸರಿಲ್ಲದ ಹಕ್ಕಿಗಳು ಉಬ್ಬರ ಇಳಿಯುವವರೆಗೆ ಒಳಗಿನ ಜೌಗು ಕೆರೆಗಳಿಗೆ ಹೋಗಿ ಒಂಟಿಕಾಲಿನಲ್ಲಿ ನಿದ್ರಿಸುತ್ತವೆ. ಅಂಥ ಕೆರೆಗಳಿರುವುದು ನೆರುಳ್ ಮತ್ತು ಸೀವುಡ್ಸ್ ಬದಿಯಲ್ಲಿ. ನೀನು ಖಾಡಿ (ಕಡಲ ಹಿನ್ನೀರು) ದಾಟಿ ಅವನ್ನು ಹುಡುಕುತ್ತಿದ್ದ ಹೊತ್ತಿಗೆ ಅವು ನಿನ್ನ ಮನೆಯ ಹಿಂದೆಯೇ ಇದ್ದಿರಬಹುದು. ನಗುತ್ತಿಲ್ಲ, ಆದರೂ ನಗು ಬಂತು.

ನೀನು ಹುಟ್ಟುವ ಮೊದಲೇ ಇಲ್ಲಿಯ ಕೋಳಿ ಸಮುದಾಯದ ಮೀನುಗಾರರೊಬ್ಬರು ಒಂದು ಲೆಕ್ಕವನ್ನು ನನಗೆ ಹೇಳಿಕೊಟ್ಟಿದ್ದರು. ಅಂದಿನ ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಿದರೆ ಪೂರ್ಣ ‘ಭರತಿ’ಯ, ಅಂದರೆ ಉಬ್ಬರದ, ಗಂಟೆ ಸಿಗುತ್ತದೆ. ಚೌತಿಗೆ ಮೂರು ಗಂಟೆ, ಅಷ್ಟಮಿಗೆ ಆರು, ಹುಣ್ಣಿಮೆಗೆ ಹನ್ನೊಂದೂಕಾಲು, ಹಗಲಿಗೊಂದು, ರಾತ್ರಿಗೊಂದು. ಉಬ್ಬರವು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಈ ಮುಕ್ಕಾಲಿನ ಲೆಕ್ಕ ಹೊಂದಿಕೊಳ್ಳುತ್ತದೆ. ಅರ್ಧ ಮುಕ್ಕಾಲು ಗಂಟೆ ಆಚೀಚೆ ಆದೀತು, ಅದಕ್ಕಿಂತ ಹೆಚ್ಚಿನ ಮೋಸವನ್ನು ನಾನು ಕಂಡಿಲ್ಲ. ನಮ್ಮ ಕುಂದಾಪುರದ ಕಡೆ ಭರತ, ಇಳಿತ ಎಂದು ಕೇಳಿ ಬೆಳೆದ ನಿನಗೆ ಇದು ಹೊಸತೇನೂ ಅಲ್ಲ. ಮೊಬೈಲಿನಲ್ಲಿಯೂ ಉಬ್ಬರದ ವೇಳೆ ಸಿಗುತ್ತದೆ, ಬಲ್ಲೆ. ಆದರೆ ಗೋಡೆಯ ಪಂಚಾಂಗವನ್ನು ನೋಡಿ ನೀನೇ ಲೆಕ್ಕ ಹಾಕಿ ಹೊರಟರೆ, ನೀರು ಎತ್ತ ಚಲಿಸುತ್ತಿದೆ ಎಂಬುದು ಮನಸ್ಸಿನಲ್ಲಿ ಉಳಿಯುತ್ತದೆ.

ಪೂರ್ತಿ ಇಳಿತದಲ್ಲಿಯೂ ಹೋಗಬೇಡ. ಹಕ್ಕಿಗಳು ನೀರಿನ ಅಂಚನ್ನೇ ಹಿಂಬಾಲಿಸಿ ದೂರ ಹೋಗಿ ಬರಿಯ ಗುಲಾಬಿ ಗೆರೆಯಾಗಿ ಕಾಣುತ್ತವೆ. ನೀರು ಏರತೊಡಗಿದಾಗ, ಭರತಿಗೆ ಎರಡು ಮೂರು ಗಂಟೆ ಮೊದಲು, ಅವು ಹೆಜ್ಜೆ ಹೆಜ್ಜೆಯಾಗಿ ದಡಕ್ಕೆ ಹತ್ತಿರವಾಗುತ್ತವೆ. ಆಗ ಕೊಕ್ಕನ್ನು ನೋಡು. ಕುಳ್ಳಗಿದ್ದು ಕೊಕ್ಕೆಲ್ಲ ಕಡುಗೆಂಪಿನಿಂದ ಕಪ್ಪಾಗಿದ್ದರೆ ಅದು ಕಿರಿಯ ಜಾತಿಯ ರಾಜಹಂಸ. ಎತ್ತರವಾಗಿದ್ದು ಕೊಕ್ಕು ನಸುಗೆಂಪಾಗಿ ತುದಿ ಮಾತ್ರ ಕಪ್ಪಾಗಿದ್ದರೆ ಹಿರಿಯ ಜಾತಿ. ಕಿರಿಯದು ತಲೆಯನ್ನು ತಲೆಕೆಳಗಾಗಿ ಇಳಿಬಿಟ್ಟು, ಜರಡಿ ಹಿಡಿದಂತೆ ನೀರಿನಿಂದ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ. ಅದರ ಬಣ್ಣ ಬರುವುದೂ ಆ ಆಹಾರದಿಂದಲೇ. ಮಂಕಾಗಿ ಬೂದುಬಣ್ಣದಲ್ಲಿರುವವು ಬೇರೆ ಹಕ್ಕಿಗಳಲ್ಲ, ಮರಿಗಳು. ಠಾಣೆ ಖಾಡಿಯನ್ನು 2015ರಲ್ಲಿ ರಾಜಹಂಸ ಅಭಯಾರಣ್ಯವೆಂದು ಘೋಷಿಸಿದರು, 2022ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಒಳಗಿನ ಕೆರೆಗಳಿಗೆ ಉಬ್ಬರದ ನೀರು ಬರುವ ದಾರಿಯನ್ನು ಮುಚ್ಚಿಬಿಟ್ಟರೆ ಪಟ್ಟಿಯಿಂದ ಹಕ್ಕಿಗೆ ಆಗುವ ಉಪಕಾರ ಅಷ್ಟಕ್ಕಷ್ಟೆ.

ಹಕ್ಕಿ ಬಾರದ ದಿನ ಬೇಸರಿಸಿ ಹೊರಡಬೇಡ. ಬಗ್ಗಿ ಕೆಸರನ್ನು ನೋಡು. ಕಾಂಡ್ಲದ (ಮ್ಯಾಂಗ್ರೋವ್ ಗಿಡದ) ಉಸಿರಾಡುವ ಬೇರುಗಳು ಪೆನ್ಸಿಲ್ ನೆಟ್ಟಂತೆ ಮೇಲೆದ್ದಿರುತ್ತವೆ. ಅವುಗಳ ನಡುವೆ ಕಡಲೆಕಾಳಿನಷ್ಟು ಕಣ್ಣುಗಳನ್ನು ನೆತ್ತಿಯ ಮೇಲೆ ಹೊತ್ತ ‘ನಿವಟಿ’ ಮೀನು ರೆಕ್ಕೆಯೂರಿ ತೆವಳುತ್ತದೆ. ಗಂಡು ಏಡಿಯೊಂದು ತನ್ನ ಒಂದೇ ದೊಡ್ಡ ಕೊಂಬನ್ನು ಬೀಸಿ ಬೀಸಿ ಹೆಣ್ಣನ್ನು ಕರೆಯುತ್ತದೆ. ತಳ ಬೂದಾಗಿರುವ ಕಾಂಡ್ಲದ ಎಲೆಯೊಂದನ್ನು ಬಿಸಿಲಿಗೆ ಹಿಡಿದರೆ ಉಪ್ಪಿನ ಹರಳುಗಳು ಮಿನುಗುತ್ತವೆ. ನಾಲಗೆಗೆ ತಾಗಿಸಿ ನೋಡಬಹುದು, ನಾನು ನೋಡಿದ್ದೇನೆ. ದಡದಲ್ಲಿ ಹೊಳೆಚುಳ್ಳಿಯ ನೀಲಿ ಹೂವು ಈ ತಿಂಗಳುಗಳಲ್ಲಿ ಅರಳುತ್ತದೆ. ಎಲೆಯಂಚಿನ ಮುಳ್ಳಿನ ಬಗ್ಗೆ ಎಚ್ಚರ.

ಕಾರ್ವಿ ಹೂವನ್ನು ನೋಡಲಾಗಲಿಲ್ಲವೆಂಬ ನಿನ್ನ ಕೊರಗಿಗೆ ನನ್ನ ಬಳಿ ಮದ್ದಿಲ್ಲ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಅದು ಎಂಟು ವರ್ಷಗಳಿಗೊಮ್ಮೆ ಒಟ್ಟಿಗೆ ಅರಳಿ, ಬೀಜ ಕಟ್ಟಿ, ಸಾಯುತ್ತದೆ. 2016ರಲ್ಲಿ ಅರಳಿದ್ದು 2024ರಲ್ಲಿ ಮತ್ತೆ ಅರಳಿತು, ಇನ್ನು 2032. ಅಷ್ಟರಲ್ಲಿ ನನ್ನನ್ನು ನೀನೇ ಹೊತ್ತುಕೊಂಡು ಹೋಗಬೇಕಾದೀತು. ಸದ್ಯಕ್ಕೆ ಅಲ್ಲಿ ಮುತ್ತುಗವೂ ಬೂರುಗವೂ ಹೂಬಿಡುವ ಕಾಲ, ಮಳೆಗಾಲಕ್ಕೆ ಗೌರಿ ಹೂವಿದೆ.

ಕಂಡದ್ದನ್ನು ಬರೆದಿಡು, ಆದರೆ ನನ್ನಂತೆ ಬರೆಯಬೇಡ. ನನ್ನ ಹಳೆಯ ಪುಸ್ತಕದಲ್ಲಿ ‘ರಾಜಹಂಸ, ಸಾವಿರಾರು’ ಎಂದು ಎಷ್ಟೋ ಕಡೆ ಇದೆ, ಗಂಟೆಯಿಲ್ಲ, ತಿಥಿಯಿಲ್ಲ, ಎಲ್ಲಿ ನಿಂತು ನೋಡಿದ್ದೆಂಬುದೂ ಇಲ್ಲ. ಮಳೆಯ ವಿಷಯದಲ್ಲಂತೂ ಜಾಗದ ಹೆಸರು ಬೇಕೇಬೇಕು. 2005ರ ಜುಲೈ 26ರಂದು ಫೋರ್ಟ್‌ನ ಕಚೇರಿಯ ಕಿಟಕಿಯಿಂದ ನೋಡಿ ‘ಸಾಧಾರಣ ಮಳೆ’ ಎಂದು ಗುರುತು ಹಾಕಿಕೊಂಡವನು ನಾನು. ಅಲ್ಲೇ ಹತ್ತಿರದ ಕೊಲಾಬಾದಲ್ಲಿ ಆ ದಿನದ ಲೆಕ್ಕ 75 ಮಿಲಿಮೀಟರಿಗೂ ಕಡಿಮೆ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944. ನನ್ನ ‘ಸಾಧಾರಣ’ದೊಳಗಿಂದ ಹೊರಟು ಮುಲುಂಡ್ ಸೇರುವಾಗ ಮರುದಿನದ ಬೆಳಗಾಗಿತ್ತು, ಸೊಂಟದವರೆಗೆ ನೆನೆದಿದ್ದೆ. ಆದ್ದರಿಂದ ಮೃಗಶಿರದ ಹೊತ್ತಿಗೆ ಪತ್ರಿಕೆಗಳು ಮುಂಗಾರು ಬಂತೆಂದು ಬರೆದರೂ, ನಿನ್ನ ತಾರಸಿಯ ಮೇಲೆ ಹನಿ ಬಿದ್ದ ದಿನವನ್ನೇ ಬರೆ. ಚಾತಕದ ಕೂಗು ಅದಕ್ಕೆ ಎಷ್ಟು ದಿನ ಮೊದಲು ಕೇಳಿತೆಂಬುದನ್ನೂ ಪಕ್ಕದಲ್ಲಿ ಸೇರಿಸು.

ಬರುವ ಭಾನುವಾರ ಸಪ್ತಮಿ, ಭರತಿ ಸಂಜೆ ಐದೂಕಾಲಿಗೆ. ಮೂರು ಗಂಟೆಗೆ ಶಿವಡಿ ಸ್ಟೇಷನ್ನಿನ ಪೂರ್ವ ಬದಿಯಲ್ಲಿ ಕಾದಿರು, ನಾನು ಬರುತ್ತೇನೆ. ಆ ಹೊತ್ತಿಗೆ ಸೂರ್ಯ ನಮ್ಮ ಬೆನ್ನಿಗಿದ್ದು ಹಕ್ಕಿಗಳ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. ದೊಡ್ಡಮ್ಮ ಗೋಳಿಬಜೆ ಕಟ್ಟಿಕೊಡುವಳಂತೆ. ದಡದಲ್ಲಿ ಜನ ಕಡಲಹಕ್ಕಿಗಳಿಗೆ ಸೇವ್ ಎಸೆಯುತ್ತಾರಲ್ಲ, ಹಾಗೆ ಅದನ್ನು ಎಸೆಯಲು ಮಾತ್ರ ನಾನು ಬಿಡುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ