ಸೇಡಿನ ಸಿನಿಮಾ ಮತ್ತು ನಮ್ಮ ಜಿಲ್ಲೆಯ ಕಥೆ

ಮಾನ್ಯರೇ,

ಮಾಡದ ತಪ್ಪಿಗೆ ಜೈಲು ಸೇರಿದವನು ಹೊರಬಂದು ಸೇಡು ತೀರಿಸಿಕೊಳ್ಳುವ ಸಿನಿಮಾ ನೋಡಿದವರು ಹೊಡೆದಾಟದ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ನನ್ನನ್ನು ಕಾಡುವುದು ಅವನು ಕಳೆದುಕೊಂಡ ವರ್ಷಗಳು. ಇದು ಬರೀ ಕಥೆಯಲ್ಲ. ಕೊಲೆಯಾದರು ಎಂದು ಪೊಲೀಸರು ಹೇಳಿದ್ದ ಹೆಂಗಸು 2025ರಲ್ಲಿ ನಮ್ಮ ಮಡಿಕೇರಿಯಲ್ಲೇ ಜೀವಂತ ಪತ್ತೆಯಾದರು. ಅಷ್ಟರಲ್ಲಿ ಆ ಆರೋಪ ಹೊತ್ತ ಗಂಡ ಜೈಲುವಾಸ ಅನುಭವಿಸಿದ್ದರು! ಕೋರ್ಟ್ ಅವರನ್ನು ಖುಲಾಸೆ ಮಾಡಿ, 1 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಅವರು ಸೇಡಿಗೆ ಹೊರಡಲಿಲ್ಲ, ಹೈಕೋರ್ಟಿಗೆ ಹೋದರು. ನನ್ನ ಚಪ್ಪಾಳೆ ಅವರಿಗೆ.

ಇಂಥವರ ಪರಿಹಾರಕ್ಕೆ ಕಾನೂನು ಬೇಕೆಂದು ಕಾನೂನು ಆಯೋಗ 2018ರಲ್ಲೇ, ತನ್ನ 277ನೇ ವರದಿಯಲ್ಲಿ ಹೇಳಿತ್ತು. ಕೊಡಗಿನ ಸಂಸದರು ಇದನ್ನು ಲೋಕಸಭೆಯಲ್ಲಿ ಕೇಳಬೇಕು ಅಲ್ವಾ?

– ಓದುಗ, ವಿರಾಜಪೇಟೆ