ಹೋರಿಯ ಬೆಲೆ ಬರೆದಿರಿ, ಅಳತೆ ಯಾರು ಕೇಳಿದರು?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ದನದ ಜಾತ್ರೆಯ ಫೋಟೊ ಬಂದಿತ್ತು. ಹೂವಿನ ಹಾರ ಹಾಕಿಕೊಂಡ ಹಳ್ಳಿಕಾರ್ ಬೀಜದ ಹೋರಿ, ಪಕ್ಕದಲ್ಲಿ ಹಗ್ಗ ಹಿಡಿದ ಮಾಲೀಕರು. ಎಷ್ಟು ಲಕ್ಷಕ್ಕೆ ಕೇಳಿದರು, ದಿನಕ್ಕೆ ಎಷ್ಟು ಹುರುಳಿ ತಿನ್ನುತ್ತೆ, ಎಷ್ಟು ಮೊಟ್ಟೆ ಕುಡಿಸುತ್ತಾರೆ, ಎಲ್ಲ ಬರೆದಿದ್ದಿರಿ. ಆ ಹೋರಿಯಿಂದ ಎಷ್ಟು ಹಸು ಗಬ್ಬ ಕಟ್ಟಿವೆ ಎಂಬುದು ಮಾತ್ರ ಇರಲಿಲ್ಲ. ನಿಮ್ಮದು ತಪ್ಪು ಅಂತಲ್ಲ. ಜಾತ್ರೆಯಲ್ಲಿ ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ನಾನೂ ಕೇಳುತ್ತಿರಲಿಲ್ಲ.

ನಾನು ಪಶುಪಾಲನಾ ಇಲಾಖೆಯಲ್ಲಿ 32 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮಗಳು ಹೆಬ್ಬಾಳದಲ್ಲಿ ಪಶುವೈದ್ಯ ಓದಿ, ಅಮೆರಿಕಕ್ಕೆ ಹೋಗಿ, ಇಲ್ಲಿಯ ಡಿಗ್ರಿ ಅಲ್ಲಿ ಸಾಲದು ಎಂದು ಮತ್ತೆ ಪರೀಕ್ಷೆಗಳನ್ನು ಬರೆದು, ಈಗ ಕ್ಯಾನ್ಸಸ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ದನದ ಡಾಕ್ಟರು. ಹೋದ ವರ್ಷ ಮಾರ್ಚ್ ಕೊನೆಗೆ ನಾವಿಬ್ಬರೂ ಅವಳ ಮನೆಗೆ ಹೋಗಿ ಆರು ತಿಂಗಳು ಇದ್ದು ಬಂದೆವು. ಸುತ್ತ ಫ್ಲಿಂಟ್ ಹಿಲ್ಸ್ ಎಂಬ ಹುಲ್ಲಿನ ಗುಡ್ಡಗಳು. ನೋಡಿದಾಗಲೆಲ್ಲ ನಮ್ಮ ಅಮೃತಮಹಲ್ ಕಾವಲುಗಳ ನೆನಪು ಬರುತ್ತಿತ್ತು. ಅಲ್ಲಿ ದನ ಸಾಕುವುದು ಮಾಂಸಕ್ಕೆ. ಅದನ್ನು ಮುಚ್ಚಿಟ್ಟು ಬರೆಯಲಾರೆ. ನನ್ನಾಕೆ ಒಂದು ದಿನವೂ ದೊಡ್ಡಿ ಕಡೆ ತಲೆ ಹಾಕಲಿಲ್ಲ. ನಾನು ಹೋದೆ. ಹಲ್ಲು ಹಿಡಿದು ವಯಸ್ಸು ಹೇಳಿ ರೂಢಿಯಾದ ಕೈ ಸುಮ್ನೆ ಇರುತ್ತಾ?

ಅಲ್ಲಿ ಎಲ್ಲಿ ನೋಡಿದರೂ ಆಂಗಸ್ ತಳಿ. ಮೂಲ ಸ್ಕಾಟ್ಲೆಂಡಿನ ಈಶಾನ್ಯ ಭಾಗದ್ದು. ಇದ್ದಿಲಿನ ಕಪ್ಪು. ಕೊಂಬಿಲ್ಲ, ಡುಬ್ಬವಿಲ್ಲ, ಗಂಗೆದೊಗಲು ಹೆಸರಿಗಷ್ಟೆ. ನಮ್ಮ ಕಣ್ಣಿಗೆ ಅದು ಹೋರಿ ಅಂತ ಅನ್ನಿಸುವುದೇ ಇಲ್ಲ. ಅಲ್ಲಿಯವರಿಗೂ ಮೊದಲು ಹಾಗೇ ಆಗಿತ್ತಂತೆ. 1873ರಲ್ಲಿ ಜಾರ್ಜ್ ಗ್ರ್ಯಾಂಟ್ ಎಂಬಾತ ಅದೇ ಕ್ಯಾನ್ಸಸ್‌ನ ವಿಕ್ಟೋರಿಯಾ ಎಂಬಲ್ಲಿಗೆ ನಾಲ್ಕು ಆಂಗಸ್ ಹೋರಿ ತಂದ. ಅವುಗಳಲ್ಲಿ ಎರಡನ್ನು ಕ್ಯಾನ್ಸಸ್ ಸಿಟಿಯ ದನದ ಪ್ರದರ್ಶನಕ್ಕೆ ಹೊಡೆದುಕೊಂಡು ಹೋದಾಗ ಜನ ಬೋಳುತಲೆ ನೋಡಿ ಇದೆಂಥ ವಿಚಿತ್ರ ಪ್ರಾಣಿ ಅಂದರಂತೆ. ಆಮೇಲೆ ಅವು ಟೆಕ್ಸಸ್ಸಿನ ಉದ್ದ ಕೊಂಬಿನ ಹಸುಗಳಿಗೆ ಹಾರಿ, ಹುಟ್ಟಿದ ಬೋಳು ಕರುಗಳು ಚಳಿಗಾಲ ಚೆನ್ನಾಗಿ ತಡೆದುಕೊಂಡು ತೂಕ ಬಂದ ಮೇಲೆ ಮಾತು ನಿಂತಿತು.

ಈಗ ನಾನು ನೋಡಿದ ಹೋರಿಯ ವಿಷಯ. ಮಗಳ ಆಸ್ಪತ್ರೆಗೆ ಬರುವ ರೈತರೊಬ್ಬರು ತಮ್ಮ ಕಡಸುಗಳಿಗೆ ಅಂತ ಜನವರಿಯಲ್ಲಿ ಒಂದು ಎಳೆ ಹೋರಿ ಕೊಂಡಿದ್ದರು. ಹರಾಜಿನದ್ದಲ್ಲ, ಪರಿಚಯದವರಿಂದ ಮನೆ ವ್ಯಾಪಾರ. ಏಪ್ರಿಲ್ ಮೊದಲ ವಾರ ಪರೀಕ್ಷೆಗೆ ತಂದರು. ಬಾಯಿ ಬಿಡಿಸಿ ನೋಡಿದೆ, ಎಲ್ಲ ಹಾಲುಹಲ್ಲು. ವಯಸ್ಸು 14 ತಿಂಗಳು. ತೂಕ 540 ಕಿಲೊ! ನಮ್ಮಲ್ಲಿ ಆ ವಯಸ್ಸಿನದಕ್ಕೆ ಇನ್ನೂ ಕರು ಅಂತೀವಿ. ಅಲ್ಲಿ ಒಂದೆರಡು ತಿಂಗಳಲ್ಲಿ ಕೆಲಸಕ್ಕೆ ಬಿಡುತ್ತಾರೆ. ಮೈ ನೋಡಿ ನಾನು "ಭಾರಿ ಹೋರಿ ಕಣಮ್ಮ" ಅಂದೆ. ಮಗಳು "ಇರಿ ಅಪ್ಪಾ, ಇನ್ನೂ ಏನೂ ನೋಡಿಲ್ಲ" ಅಂದಳು.

ಮೊದಲು ನಡೆಸಿದಳು. ಮುಂಗಾಲು ಊರಿದ ಜಾಗದಲ್ಲೇ ಹಿಂಗಾಲು ಬೀಳಬೇಕು. ಗೊರಸಿನ ಎರಡು ಹೋಳು ಒಂದರ ಮೇಲೊಂದು ಕತ್ತರಿಯಂತೆ ಹತ್ತಬಾರದು. ಅದಕ್ಕೆ 1ರಿಂದ 9ರವರೆಗೆ ಅಂಕ, ನಡುವಿನ 5 ಸರಿಯಾದದ್ದು. ಇದು ನಮಗೆ ಹೊಸದಲ್ಲ. ಉಳುವ ಎತ್ತು ಆರಿಸುವಾಗ ನಮ್ಮ ಅಪ್ಪನೂ ಹಿಂದೆ ಕುಕ್ಕರಗಾಲಲ್ಲಿ ಕೂತು ಇದನ್ನೇ ನೋಡುತ್ತಿದ್ದರು. ಅಂಕ ಹಾಕುತ್ತಿರಲಿಲ್ಲ, ಅಷ್ಟೆ.

ಆಮೇಲೆ ಹೋರಿಯನ್ನು ಕಬ್ಬಿಣದ ಕಟಕಟೆಗೆ ಸೇರಿಸಿ ಒಳಗಿನಿಂದ ಕೈಹಾಕಿ ನೋಡಿದಳು. ಶಿಶ್ನ ಹೊರಗೆ ತೆಗೆಸಿ ನೋಡಿದಳು. ಆಂಗಸ್‌ನಲ್ಲಿ ಕೆಲವಕ್ಕೆ ತುದಿಯ ಹತ್ತಿರ ಒಂದು ದಾರದಂಥ ಪೊರೆ ಹರಿಯದೆ ಉಳಿದುಬಿಡುತ್ತದೆ. ಬಿಲ್ಲಿನಂತೆ ಬಾಗಿ ಹಾರಲು ಆಗುವುದಿಲ್ಲ. ಕತ್ತರಿಸಿದರೆ ಸರಿಹೋಗುತ್ತೆ, ಆದರೆ ಅದು ಮಕ್ಕಳಿಗೂ ಹೋಗಬಹುದಾದ ದೋಷ. ಹಾಗಾಗಿ ಅಂಥದರ ಗಂಡುಕರುಗಳನ್ನು ಬೀಜಕ್ಕೆ ಇಟ್ಟುಕೊಳ್ಳುವುದಿಲ್ಲವಂತೆ. ಇದಕ್ಕೆ ಅದಿರಲಿಲ್ಲ.

ಮುಂದೆ ಟೇಪು. ಬೀಜದ ಚೀಲದ ಅತಿ ದಪ್ಪ ಜಾಗದ ಸುತ್ತಳತೆ. 15 ತಿಂಗಳೊಳಗಿನ ಹೋರಿಗೆ ಕನಿಷ್ಠ 30 ಸೆಂಟಿಮೀಟರ್ ಇರಬೇಕು. ವಯಸ್ಸಿನ ಜೊತೆ ಅದೂ ಏರುತ್ತದೆ, ಎರಡು ವರ್ಷ ದಾಟಿದ್ದಕ್ಕೆ 34. ಈ ಹೋರಿಗೆ ಆಗಲೇ 34 ಇತ್ತು. ರೈತರು ನಕ್ಕರು. ಅವರ ನಗುವಿಗೆ ಕಾರಣವಿತ್ತು. ಬೀಜದ ಅಳತೆ ದೊಡ್ಡದಿರುವ ಹೋರಿಯ ಹೆಣ್ಣುಕರುಗಳೂ ಬೇಗ ಬೆದೆಗೆ ಬರುತ್ತವೆ.

ಆದರೆ ಮಗಳು ನಗಲಿಲ್ಲ. ಚೀಲದ ತಳದಲ್ಲಿ ಒಂದು ರೂಪಾಯಿ ಅಗಲದ ಒಣಗಿದ ಹಕ್ಕಳೆ ಇತ್ತು. ಅದನ್ನು ಬೆರಳಲ್ಲಿ ತೋರಿಸಿ, ಫೆಬ್ರವರಿಯ ಚಳಿಗಾಳಿಯಲ್ಲಿ ಇದನ್ನು ಎಲ್ಲಿ ಕಟ್ಟಿದ್ದಿರಿ ಅಂತ ಕೇಳಿದಳು. ಬಯಲಲ್ಲೇ ಇತ್ತಂತೆ, ಗಾಳಿಗೆ ಮರೆ ಇರಲಿಲ್ಲ. ಹಿಮಗಡಿತ. ಬೀಜ ಮೈಕಾವಿಗಿಂತ ಕೆಲವು ಡಿಗ್ರಿ ತಣ್ಣಗೆ ಇರಬೇಕು, ಅದಕ್ಕೇ ದೇವರು ಹೊರಗೆ ನೇತು ಹಾಕಿರುವುದು. ಹಿಮ ಕಚ್ಚಿ ಅಲ್ಲಿ ಊದಿಕೊಂಡರೆ ಆ ಲೆಕ್ಕ ತಪ್ಪುತ್ತದೆ. ಜ್ವರ ಬಂದರೂ ಅಷ್ಟೆ. ಜಾಸ್ತಿ ತಿನ್ನಿಸಿ ಚೀಲದ ಬುಡದಲ್ಲಿ ಕೊಬ್ಬು ತುಂಬಿದರೂ ಅಷ್ಟೆ. ಜಾತ್ರೆಗೆ ಅಂತ ಮೊಟ್ಟೆ, ಬೆಣ್ಣೆ ತುರುಕುವವರು ದಯವಿಟ್ಟು ಈ ಸಾಲನ್ನು ಇನ್ನೊಮ್ಮೆ ಓದಿ.

ವೀರ್ಯ ತೆಗೆದು ಬೆಚ್ಚಗಿನ ಗಾಜಿನ ಮೇಲೆ ಹಾಕಿದರು. ನೂರು ವೀರ್ಯಾಣುಗಳಲ್ಲಿ ಕನಿಷ್ಠ 30 ನೇರವಾಗಿ ಮುಂದಕ್ಕೆ ಈಜಬೇಕು. ಅದು ಸರಿಯಿತ್ತು. ಬಣ್ಣ ಹಾಕಿ ಒಂದೊಂದಾಗಿ ಆಕಾರ ಎಣಿಸಿದರೆ ನೂರರಲ್ಲಿ 70 ಸರಿ ಇರಬೇಕು. ಇಲ್ಲಿ ಸಿಕ್ಕಿದ್ದು 48. ನನಗೂ ಕಣ್ಣಿಟ್ಟು ನೋಡಲು ಬಿಟ್ಟಳು. ಬಾಲ ಸುತ್ತಿಕೊಂಡವು, ತಲೆ ಕಳಚಿ ಬಿದ್ದವು. ಹೊರಗೆ ನೋಡಿದರೆ ಕಂಡವರ ಕಣ್ಣು ಬೀಳುವಂಥ ಹೋರಿ!

ನಮ್ಮಲ್ಲಾಗಿದ್ದರೆ ಮಾರಿದವನ ಮನೆ ಮುಂದೆ ಜಗಳ ಆಗುತ್ತಿತ್ತು. ಮಗಳು ಫೇಲ್ ಅಂತ ಬರೆಯಲಿಲ್ಲ. "ಮುಂದೂಡಿದೆ" ಅಂತ ಬರೆದಳು. ಹೊಸ ವೀರ್ಯಾಣು ತಯಾರಾಗಲು ಸುಮಾರು 60 ದಿನ ಬೇಕು. ಅಂದರೆ ಇವತ್ತು ಗಾಜಿನ ಮೇಲೆ ಕಂಡಿದ್ದು ಫೆಬ್ರವರಿಯ ಹೋರಿ, ಏಪ್ರಿಲ್‌ನದ್ದಲ್ಲ. ಜೂನ್‌ನಲ್ಲಿ ಮತ್ತೆ ತನ್ನಿ ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ. 1990ರ ದಶಕದಲ್ಲಿ ನಮ್ಮೂರಿನವರು ದೇವರ ಹೆಸರಲ್ಲಿ ಬಸವನನ್ನು ಬಿಡಬೇಕೆಂದಾಗ ಸಿದ್ಧಗಂಗೆ ಜಾತ್ರೆಗೆ ಹೋಗಿ ಹೋರಿ ಆರಿಸಿದವನು ನಾನೇ. ಇಲಾಖೆಯವನಲ್ವಾ, ನನ್ನ ಮಾತೇ ಮಾತು. ಸುಳಿ ನೋಡಿದೆ, ಕೊಂಬು ನೋಡಿದೆ, ಬಾಲದ ಕುಚ್ಚು ನೋಡಿದೆ. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸಿದೆ. ಆಮೇಲೆ ಊರಲ್ಲಿ ಹಸುಗಳು ತಿರುಗಿ ತಿರುಗಿ ಬೆದೆಗೆ ಬಂದವು. ನಾನು ಖನಿಜ ಪುಡಿ ಕೊಟ್ಟೆ. ಗರ್ಭಕೋಶ ತೊಳೆದೆ. ಮೇವು ಸರಿಯಿಲ್ಲ ಅಂತ ಹೆಂಗಸರನ್ನು ಬೈದೆ. ಒಂದೂವರೆ ವರ್ಷ ಆದ ಮೇಲೆ ಬೇರೆ ಕೆಲಸಕ್ಕೆ ಬಂದಿದ್ದ ಹಿರಿಯ ಡಾಕ್ಟರೊಬ್ಬರು ಬಸವನ ಹಿಂದೆ ಕೈಹಾಕಿ ನೋಡಿ, "ಒಂದು ಬೀಜ ಕಲ್ಲಾಗಿದೆಯಲ್ರೀ, ನೋಡಲಿಲ್ವಾ?" ಅಂದರು. ನೋಡಿರಲಿಲ್ಲ. ದೇವರ ಹೋರಿಗೆ ಅಲ್ಲಿ ಕೈ ಹಾಕುವುದು ಹೇಗೆ ಅಂತ ಸುಮ್ಮನಿದ್ದೆ. ಅಷ್ಟರಲ್ಲಿ ಇಬ್ಬರು ತಮ್ಮ ಹಸುಗಳನ್ನು "ಗೊಡ್ಡು" ಅಂತ ಮಾರಿಯಾಗಿತ್ತು.

ಕ್ಯಾನ್ಸಸ್ ಹೋರಿಗೆ ಮರಳುತ್ತೇನೆ. ಕಾಯುವ ಎರಡು ತಿಂಗಳಲ್ಲಿ ರೈತರು ಅದರ ಜಾತಕ ತೋರಿಸಿದರು. ತಮಾಷೆಗೆ ಹೇಳುತ್ತಿಲ್ಲ, ಜಾತಕದಂತೆಯೇ ಇರುತ್ತದೆ. ಅಪ್ಪ, ಅಮ್ಮ, ಅಜ್ಜ, ಪಕ್ಕದಲ್ಲಿ ಸಾಲು ಸಾಲು ಅಂಕಿ. ಹುಟ್ಟುವ ಕರುವಿನ ತೂಕ, ಹಾಲು ಬಿಡಿಸುವಾಗಿನ ತೂಕ, ಹೆಣ್ಣುಕರುಗಳ ಹಾಲು, ಸಾಧುತನಕ್ಕೂ ಒಂದು ಅಂಕಿ. ಅವರಿಗೆ ಬೇಕಿದ್ದದ್ದು ಒಂದೇ, ಸಲೀಸಾಗಿ ಈಯುವ ಅಂಕಿ. ಒಂದು ಹೋರಿಗೆ 10, ಇನ್ನೊಂದಕ್ಕೆ 2 ಇದ್ದರೆ, ಮೊದಲನೆಯದಕ್ಕೆ ಬಿಟ್ಟ ಕಡಸುಗಳಲ್ಲಿ ನೂರಕ್ಕೆ ಎಂಟು ಹೆಚ್ಚು ಯಾರ ಸಹಾಯವೂ ಇಲ್ಲದೆ ಈಯುತ್ತವೆ ಅಂತ ನಿರೀಕ್ಷೆ. ಚೊಚ್ಚಲ ಕಡಸಿಗೆ ದೊಡ್ಡ ಕರು ಹುಟ್ಟಿಸುವ ಹೋರಿ ಬಿಟ್ಟರೆ ರಾತ್ರಿಯೆಲ್ಲ ಹಗ್ಗ ಕಟ್ಟಿ ಎಳೆಯಬೇಕು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ಎಳೆ ಹೋರಿಯ ಅಂಕಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಅದರ ಮಕ್ಕಳು ಇನ್ನೂ ಹುಟ್ಟಿಲ್ಲ. ಜೀನ್ ಪರೀಕ್ಷೆ ಮಾಡಿಸಿದರೆ ನಂಬಿಕೆ ಸ್ವಲ್ಪ ಹೆಚ್ಚುತ್ತದೆ. ಪೂರ್ತಿ ಗೊತ್ತಾಗುವುದು ಕರುಗಳು ನೆಲಕ್ಕೆ ಬಿದ್ದ ಮೇಲೆಯೇ.

ಜೂನ್ ಮೊದಲ ವಾರದ ಪರೀಕ್ಷೆಯಲ್ಲಿ 48 ಇದ್ದದ್ದು 78 ಆಗಿತ್ತು. ಹಕ್ಕಳೆ ಉದುರಿತ್ತು.

ತಿಂಗಳ ನಡುವೆ ಹೋರಿಯನ್ನು ಕಡಸುಗಳ ಜೊತೆ ಬಿಟ್ಟರು. ಎಷ್ಟು ಕಡಸು? ನಾನು 30 ಅಂದುಕೊಂಡಿದ್ದೆ. ಬಲಿತ ಹೋರಿಗೆ 25, 30 ಸರಿ. ಎಳೆಯದಕ್ಕೆ ವಯಸ್ಸಿನ ತಿಂಗಳಿಗೆ ಒಂದು ಅಂತ ಲೆಕ್ಕ. 16 ತಿಂಗಳಾಗಿತ್ತು, 15 ಕಡಸು ಬಿಟ್ಟರು. ರೈತರು ಬೆಳಿಗ್ಗೆ ಸಂಜೆ ಬೇಲಿ ಹತ್ತಿರ ಟ್ರಕ್ ನಿಲ್ಲಿಸಿ, ಯಾವ ಕಿವಿ ನಂಬರಿನ ಕಡಸಿಗೆ ಹಾರಿತು ಅಂತ ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಗಾಜಿನ ಮೇಲಿನ ಪರೀಕ್ಷೆ ಪಾಸಾದ ಹೋರಿಗೂ ಆಸೆ ಇರಬೇಕಲ್ಲ. ಹುಲ್ಲು ಮೇಯುತ್ತ ಮೂಲೆಯಲ್ಲಿ ನಿಂತುಬಿಡುವ ಮಹಾನುಭಾವರೂ ಇರುತ್ತಾರೆ. ಬರೆದುಕೊಂಡ ಕಡಸು ಮೂರು ವಾರಕ್ಕೆ ಮತ್ತೆ ಬೆದೆಗೆ ಬಂದರೆ ಗುರುತು ಹಾಕುತ್ತಾರೆ. ಅಂಥವು ಹೆಚ್ಚಾದರೆ ಹೋರಿ ಬದಲಿಸುತ್ತಾರೆ. ಒಂದೂವರೆ ವರ್ಷ ಕಾಯುವುದಿಲ್ಲ.

60 ದಿನಕ್ಕೆ ಸರಿಯಾಗಿ ಹೋರಿಯನ್ನು ಹೊರಗೆ ತಂದರು. ಪಕ್ಕೆ ಕಾಣುತ್ತಿತ್ತು, ಸುಮಾರು 60 ಕಿಲೊ ಇಳಿದಿತ್ತು. ಅದೂ ಇನ್ನೂ ಬೆಳೆಯುವ ಪ್ರಾಣಿ. ಬೇರೆ ಕಟ್ಟಿ ಮೇವು ಕೊಟ್ಟರು. ನಾವು ಹೊರಡುವ ವಾರ ಮಗಳು ಸ್ಕ್ಯಾನ್ ಮಾಡಿದಳು. 15ರಲ್ಲಿ 13 ಗಬ್ಬ. ಈ ವರ್ಷ ಮಾರ್ಚ್ ಕೊನೆಯಿಂದ ಕರುಗಳ ಫೋಟೊ ವಾಟ್ಸಾಪ್‌ಗೆ ಬರತೊಡಗಿದವು. ಒಂದಕ್ಕೆ ಮಾತ್ರ ಕೈ ಕೊಡಬೇಕಾಯಿತಂತೆ.

ಅಲ್ಲಿ ಎಲ್ಲವೂ ಸರಿ ಅಂತ ನಾನು ಹೇಳುವುದಿಲ್ಲ. 2008ರಲ್ಲಿ ಆಂಗಸ್‌ನವರಿಗೆ ದೊಡ್ಡ ಪೆಟ್ಟು ಬಿತ್ತು. ಬೆನ್ನು ತಿರುಚಿಕೊಂಡು, ಕಾಲು ಸೆಟೆದು ಸತ್ತ ಕರುಗಳು ಹುಟ್ಟತೊಡಗಿದವು. ಹುಡುಕಿಕೊಂಡು ಹೋದರೆ ಎಲ್ಲರೂ ಮುಗಿಬಿದ್ದು ಬಳಸಿದ್ದ ಒಂದೇ ಹೆಸರಾಂತ ಹೋರಿಯ ವಂಶಕ್ಕೆ ತಲುಪಿತು. ದೋಷದ ಜೀನ್ ತಾಯಿ, ತಂದೆ ಎರಡೂ ಕಡೆಯಿಂದ ಬಂದಾಗ ಮಾತ್ರ ರೋಗ ಕಾಣುತ್ತದೆ. ಆ ಹೋರಿಯ ಮಕ್ಕಳು ಎಲ್ಲೆಡೆ ಹರಡಿ, ಅವುಗಳಲ್ಲೇ ಕೂಡಿಸತೊಡಗಿದಾಗ ಅದು ಹೊರಬಿತ್ತು. ಈಗ ಅದಕ್ಕೆ ಜೀನ್ ಪರೀಕ್ಷೆ ಇದೆ. ನಮ್ಮಲ್ಲೂ ಈಗ ಒಂದೆರಡು ಹೆಸರು ಮಾಡಿದ ಹೋರಿಗಳ ಹಿಂದೆಯೇ ತಾಲ್ಲೂಕು ತಾಲ್ಲೂಕು ಓಡುತ್ತಿದೆ. ಮೊಬೈಲ್‌ನಲ್ಲಿ ರೀಲ್ಸ್ ನೋಡಿ ಹಸು ಹೊಡೆದುಕೊಂಡು ಹೋಗುತ್ತಾರೆ. ಹಳ್ಳಿಕಾರ್‌ನಂಥ ತಳಿಗೆ ಇದು ಒಳ್ಳೆಯದಲ್ಲ.

ನನ್ನ ಬರಹ ಓದಿ ಯಾರಾದರೂ ಆಂಗಸ್ ವೀರ್ಯ ತರಿಸಲು ಹೊರಟರೆ ನನ್ನ ಹಣೆಬರಹ. ಆ ತಳಿ ಅಲ್ಲಿಯ ಹುಲ್ಲಿಗೆ, ಚಳಿಗೆ, ಅಲ್ಲಿಯವರ ಊಟಕ್ಕೆ. 30 ಸೆಂಟಿಮೀಟರಿನ ಲೆಕ್ಕವನ್ನೂ ನಮ್ಮ ಹೋರಿಗೆ ಹಾಗೇ ಹಾಕಬಾರದು, ನಮ್ಮ ನಾಟಿ ತಳಿ ನಿಧಾನವಾಗಿ ಬಲಿಯುವಂಥದು. ತರಬೇಕಾದದ್ದು ಟೇಪು ಮತ್ತು ಗಾಜು, ಹೋರಿಯನ್ನಲ್ಲ. ಜಾತ್ರೆಯಲ್ಲಿ ಇಲಾಖೆಯ ಮಳಿಗೆ ಹೇಗೂ ಇರುತ್ತದೆ. ಅಲ್ಲೊಂದು ಕಟಕಟೆ, ಒಂದು ಮೈಕ್ರೋಸ್ಕೋಪ್ ಇಡಲಿ. ಬೀಜದ ಹೋರಿಗೆ ಬಹುಮಾನ ಕೊಡುವ ಮೊದಲು ಅಳತೆ ಬರೆಯಲಿ. ಹಾಗೆ ಬರೆಯುತ್ತ ಹೋದರೆ ನಮ್ಮ ತಳಿಗೆ ಎಷ್ಟಿರಬೇಕು ಎಂಬ ಲೆಕ್ಕವೂ ನಮ್ಮದೇ ಆಗಿ ಸಿಗುತ್ತದೆ. ನಿಮ್ಮ ವರದಿಗಾರರು ಬೆಲೆಯ ಪಕ್ಕದಲ್ಲಿ ಆ ಅಳತೆಯನ್ನೂ ಹಾಕಲಿ.

ನಮ್ಮೂರಲ್ಲಿ ಈ ವರ್ಷ ಮತ್ತೆ ಬಸವನನ್ನು ಬಿಡುವ ಮಾತು ನಡೆದಿದೆ. ಹೋರಿ ಆರಿಸಲು ಬರಬೇಕು ಅಂತ ಹುಡುಗರು ಮನೆಗೆ ಬಂದಿದ್ದರು. ಬರುತ್ತೇನೆ, ಆದರೆ ಈ ಸಲ ಹಿಂದಿನಿಂದ ನೋಡುತ್ತೇನೆ ಅಂದೆ. ಅವರು ಮುಖ ಮುಖ ನೋಡಿಕೊಂಡರು. ಮಗಳು ಕೊಟ್ಟ ಟೇಪು ಬ್ಯಾಗಿನಲ್ಲಿದೆ.

— ನಿವೃತ್ತ ಪಶುಪಾಲನಾ ಇಲಾಖೆ ನೌಕರ, ತಿಪಟೂರು ತಾಲ್ಲೂಕು