ಹತ್ತು ಗಂಟೆಯ ಪಾಳಿ

ಪ್ರಿಯ ಪೋಸ್ಟ್‌ಮಾಸ್ತರ್,

ನೀನು ಮಸ್ಕತ್‌ಗೆ ಹೊರಡುವ ಮುನ್ನ ನನಗೆ ಒಪ್ಪಿಸಿಹೋದ ಪಾರಿವಾಳದ ಜೋಡಿಯ ವರದಿಯನ್ನು ತಿಂಗಳಿಗೊಮ್ಮೆ ಕಳುಹಿಸುತ್ತೇನೆಂದು ಮಾತು ಕೊಟ್ಟಿದ್ದೆ. ಮೂರು ತಿಂಗಳ ಬಾಕಿಯನ್ನು ಇಂದು ಒಟ್ಟಿಗೆ ತೀರಿಸುತ್ತಿದ್ದೇನೆ, ಅದೂ ನಾಲ್ಕು ಜನ ಓದುವಂತೆ. ನಿನಗೊಬ್ಬನಿಗೇ ಬರೆಯಲು ಕುಳಿತರೆ ನಡುವೆಯೇ ನಿಲ್ಲಿಸಿಬಿಡುವ ನನ್ನ ಗುಣ ನಿನಗೆ ಗೊತ್ತು. ಛತ್ರಿಯ ವಿಷಯವನ್ನು ನಾನಿಲ್ಲಿ ಎತ್ತುವುದಿಲ್ಲ, ನೀನೂ ಎತ್ತಬೇಡ.

ಮೊದಲು ಗೂಡಿನ ಸಮಾಚಾರ. ಚಾಮರಾಜಪೇಟೆಯ ತಾರಸಿಯ ಮೇಲೆ ಎರಚಲು ಬಡಿಯುವ ಪಶ್ಚಿಮದ ಮಗ್ಗುಲನ್ನು ತಗಡು ಹೊಡೆದು ಮುಚ್ಚಿಸಿದೆ. ಚಳಿಗಿಂತ ತೇವವೇ ಪಾರಿವಾಳಕ್ಕೆ ದೊಡ್ಡ ಶತ್ರುವೆಂದು ನಾವು ಕಲಿತದ್ದು ನಿನ್ನ ಆರು ಮರಿಗಳನ್ನು ಕಳೆದುಕೊಂಡ ಮೇಲೆ ತಾನೆ? ಈಗ ಪ್ರತಿ ಜೋಡಿಗೂ ಒಂದೂವರೆ ಅಡಿಯ ಖಾನೆ, ಖಾನೆಗೆ ಎರಡೆರಡು ಮಣ್ಣಿನ ಬಟ್ಟಲು. ಮರಿಗಳಿಗೆ ಎರಡು ಮೂರು ವಾರ ತುಂಬುವಷ್ಟರಲ್ಲಿ ಹೆಣ್ಣು ಮತ್ತೆ ಮೊಟ್ಟೆಯಿಡಲು ಜಾಗ ಹುಡುಕುವುದರಿಂದ ಎರಡನೆಯ ಬಟ್ಟಲು ಇಲ್ಲದಿದ್ದರೆ ಇದ್ದ ಮರಿಗಳೂ ತುಳಿತಕ್ಕೆ ಸಿಕ್ಕುತ್ತವೆ. ಗೂಡು ಕಟ್ಟಲು ಬೇವಿನ ಕಡ್ಡಿ ಹಾಕುತ್ತೇನೆ. ಆದರೆ ನಿನ್ನ ಜೋಡಿಯ ಗಂಡು ಕೆಂಚನಿಗೆ ತೆಂಗಿನ ಪೊರಕೆಯ ಕಡ್ಡಿಯೇ ಆಗಬೇಕು. ಅದು ಎಲ್ಲಿಂದ ಬರುತ್ತದೆ ಎಂಬುದು ಮನೆಯಲ್ಲಿ ಇನ್ನೂ ಬಯಲಾಗಿಲ್ಲ.

ಮೇವಿಗೆ ಜೋಳ, ಸಜ್ಜೆ, ಗೋಧಿ, ಮುಸುಕಿನ ಜೋಳದ ನುಚ್ಚು. ಮರಿಯಿರುವ ಜೋಡಿಗಳಿಗೆ ಹೆಸರುಕಾಳು ಮತ್ತು ಹುರುಳಿ ಹೆಚ್ಚು. ದೊಡ್ಡ ಹಕ್ಕಿಯೊಂದಕ್ಕೆ ದಿನಕ್ಕೆ ಮೂವತ್ತು ನಲವತ್ತು ಗ್ರಾಂ ಸಾಕಾದರೂ ಮರಿಗಳನ್ನು ಉಣಿಸುವಾಗ ಆ ಲೆಕ್ಕ ನಡೆಯುವುದಿಲ್ಲ. ಚಿಪ್ಪಿನ ಪುಡಿ, ಇಟ್ಟಿಗೆ ಚೂರು, ಉಪ್ಪು, ಇದ್ದಿಲು ಬೆರೆಸಿದ ಗ್ರಿಟ್ ಮೂಲೆಯ ತಟ್ಟೆಯಲ್ಲಿ ಸದಾ ಇರುತ್ತದೆ. ಕಾಳಿನ ಬೆಲೆಯ ಮಾತು ಬೇಡ. ಅದನ್ನು ಕೇಳಿದರೆ ನೀನು ಹಣ ಕಳುಹಿಸಬೇಕಾಗುತ್ತದೆ.

ಇಷ್ಟು ಬರೆದದ್ದು ಮುಂದಿನ ಮಾತನ್ನು ಮುಂದೂಡುವುದಕ್ಕಾಗಿ. ನಿನ್ನ ಬೂದು ಹೆಣ್ಣು ಈಗಿಲ್ಲ. ಒಂದು ಸಂಜೆ ಫೋನಿನಲ್ಲಿ ಮಾತನಾಡುತ್ತಾ ಗೂಡಿನ ಚಿಲಕ ಹಾಕದೆ ಕೆಳಗಿಳಿದವನು ನಾನೇ. ಬೆಳಿಗ್ಗೆ ಮೆಟ್ಟಿಲ ಮೇಲೆ ಗರಿಗಳಿದ್ದವು, ಬೆಕ್ಕಿರಲಿಲ್ಲ. ಬಟ್ಟಲಿನಲ್ಲಿ ಹನ್ನೆರಡು ದಿನದ ಎರಡು ಮರಿಗಳಿದ್ದವು.

ಅವು ಉಳಿಯುವುದಿಲ್ಲವೆಂದೇ ಅಂದುಕೊಂಡೆ. ಕಾವಿನ ಕಾಲದಲ್ಲಿ ಕೆಂಚನ ಶಿಸ್ತನ್ನು ನೋಡಿದ್ದೆ: ಹದಿನೇಳು ಹದಿನೆಂಟು ದಿನವೂ ಬೆಳಿಗ್ಗೆ ಸುಮಾರು ಹತ್ತಕ್ಕೆ ಬಂದು ಹೆಣ್ಣನ್ನು ಎಬ್ಬಿಸಿ, ಸಂಜೆಯವರೆಗೆ ತಾನು ಕುಳಿತುಕೊಳ್ಳುತ್ತಿದ್ದ. ಮರಿ ಒಡೆದ ಮೇಲೆ ಗಂಟಲ ಚೀಲದಲ್ಲಿ ಹಾಲು ಕಟ್ಟುವುದು ತಾಯಿಗೆ ಮಾತ್ರವಲ್ಲ, ತಂದೆಗೂ ಎಂಬುದನ್ನು ನಾವಿಬ್ಬರೂ ಹುಡುಗರಾಗಿದ್ದಾಗಿನಿಂದ ಬಲ್ಲೆವು. ಹೆಣ್ಣು ಹೋದ ದಿನವೂ ಅವನು ಅದೇ ಹೊತ್ತಿಗೆ ಬಂದ, ಯಾರೂ ಏಳಲಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಬಟ್ಟಲಿನ ಅಂಚಿನಲ್ಲಿ ನಿಂತ, ಆಮೇಲೆ ಕಾಳಿನ ತಟ್ಟೆಗೆ ಇಳಿದು ಗಂಟಲು ಉಬ್ಬುವಷ್ಟು ತಿಂದು ಬಂದು ಎರಡು ಕೊಕ್ಕುಗಳಿಗೂ ಸುರಿದ. ಇಪ್ಪತ್ತು ದಿನ ಹೀಗೆಯೇ ನಡೆಯಿತು. ಅವನ ಎದೆಮೂಳೆ ಬೆರಳಿಗೆ ಚುಚ್ಚುವಷ್ಟು ಸೊರಗಿದ, ಆದರೆ ಎರಡೂ ಮರಿಗಳು ಹಾರಿದವು.

ನಾನು ಅವನನ್ನು ನೋಡಿ ಮೆಚ್ಚಿಕೊಂಡು ಸುಮ್ಮನಿರಬಹುದಾಗಿತ್ತು. ನನ್ನ ಮಗಳು ಹಾಸನದಲ್ಲಿ ಹುಟ್ಟಿದಾಗ ನಾನು ಎರಡು ದಿನವಿದ್ದು, 'ಹಕ್ಕಿಗಳಿಗೆ ಕಾಳು ಹಾಕುವವರಿಲ್ಲ' ಎಂದು ಹೇಳಿ ವಾಪಸು ಬಂದೆ. ಕಾಳು ಹಾಕುವವರಿದ್ದರು, ಬೀಗದ ಕೈ ಪಕ್ಕದ ಮನೆಯ ಹುಡುಗನ ಬಳಿಯಿತ್ತು. ಹಾಸನದಲ್ಲಿ ಬಿಟ್ಟ ಹೋಮರ್, ಅಂದರೆ ದೂರದಲ್ಲಿ ಬಿಟ್ಟರೂ ಗೂಡಿಗೆ ಮರಳುವ ಪಾರಿವಾಳ, ಗಾಳಿ ಅನುಕೂಲವಿದ್ದರೆ ಮೂರು ಗಂಟೆಯೊಳಗೆ ನಮ್ಮ ತಾರಸಿಗೆ ಇಳಿಯುತ್ತದೆ. ಆ ದಾರಿಯಲ್ಲಿ ನಾನು ನಾಲ್ಕು ತಿಂಗಳಲ್ಲಿ ಐದು ಸಲ ಹೋಗಿದ್ದೆ. ಕೂಸನ್ನು ಎತ್ತಿಕೊಳ್ಳಲು ಹೆದರಿಕೆಯಾಗುತ್ತಿತ್ತು, ರಾತ್ರಿಯ ಅಳುವಿಗೆ ಇನ್ನೂ ಹೆದರಿಕೆ. ಅದನ್ನು ಹೇಳಲು ನಾಚಿಕೆಯಾಗಿ ಹಕ್ಕಿಗಳ ಮೇಲೆ ಹಾಕಿದೆ. ಮಗಳಿಗೀಗ ಐದು ವರ್ಷ. ಕೆಂಚ ತುತ್ತು ಕೊಡುವುದನ್ನು ನನ್ನ ಪಕ್ಕದಲ್ಲಿ ಕುಳಿತು ನೋಡಿದವಳು, 'ನನಗೂ ನೀನೇ ಹೀಗೆ ತಿನ್ನಿಸ್ತಿದ್ಯಾ?' ಎಂದು ಕೇಳಿದಳು. ಹೌದೆಂದೆ.

ಇರಲಿ. ನಿನ್ನ ಹಕ್ಕಿಯ ಸಾವಿಗೆ ಕ್ಷಮೆ ಕೇಳಲು ಹೊರಟವನು ಯಾವ ಕಟಕಟೆಗೆ ಬಂದು ನಿಂತೆನೋ ನೋಡು. ವಕೀಲನ ಫೀಸು ಉಳಿಯಿತು. ಮರಿಗಳಲ್ಲಿ ಒಂದರ ಕಾಲಿಗೆ ಹಸಿರು ಉಂಗುರವಿದೆ, ಇನ್ನೊಂದಕ್ಕಿಲ್ಲ. ಎಂಟನೆಯ ದಿನ ನನ್ನ ಬಳಿ ಇದ್ದದ್ದು ಒಂದೇ ಉಂಗುರ, ಎರಡನೆಯದನ್ನು ತರುವಷ್ಟರಲ್ಲಿ ಪಾದ ದೊಡ್ಡದಾಗಿತ್ತು. ಕೆಂಚನಿಗೆ ಮತ್ತೆ ಮೈ ತುಂಬಿಕೊಳ್ಳುವವರೆಗೆ ಜೋಡಿ ಹಾಕುವುದಿಲ್ಲ. ಹೆಣ್ಣನ್ನು ನೀನೇ ಬಂದು ಆರಿಸು, ನನ್ನ ಆಯ್ಕೆಯ ಬಗ್ಗೆ ನಿನಗಿರುವ ಅಭಿಪ್ರಾಯ ಬಸವನಗುಡಿಯವರೆಗೂ ಪ್ರಸಿದ್ಧ.

ಇದನ್ನು ಹಾಕುವ ಮುನ್ನ ಹೆಂಡತಿಗೆ ತೋರಿಸಿದೆ. ಎರಡು ಸಲ ಓದಿದಳು. ಪೊರಕೆ ಏಕೆ ಸವೆಯುತ್ತಿತ್ತೆಂದು ಈಗ ತಿಳಿಯಿತು ಎಂದಷ್ಟೇ ಹೇಳಿ ಫೋನು ವಾಪಸು ಕೊಟ್ಟಳು.

ನಿನ್ನ,
ಉಸ್ತುವಾರಿ ಗುಮಾಸ್ತ